ಗಂಗಾಬಲ್–ನುಂದ್‌ಕೋಲ್‌ನಲ್ಲಿ ಟ್ರೌಟ್: ಯಾವ ಗಾಳ, ಎಷ್ಟು ದಿನ?

ಬದಿಯಡ್ಕ_ಹೊಳೆಬದಿ:

ಆಗಸ್ಟ್ ಕೊನೆಗೆ ನಾವು ಮೂವರು ಕಾಶ್ಮೀರಕ್ಕೆ ಹೊರಟಿದ್ದೇವೆ. ನಾರಾನಾಗ್‌ನಿಂದ ಗಂಗಾಬಲ್, ಅದರ ಪಕ್ಕದ ನುಂದ್‌ಕೋಲ್ ಸರೋವರಗಳಿಗೆ ಹತ್ತಿ ಅಲ್ಲಿ ಟ್ರೌಟ್ (ತಣ್ಣೀರಿನ ಮೀನು) ಹಿಡಿಯಬೇಕೆಂದು ಆಸೆ ಉಂಟು. ಪಯಸ್ವಿನಿಯಲ್ಲಿ ಎರೆಹುಳ ಸಿಕ್ಕಿಸಿ ಗಾಳ ಹಾಕುವುದು, ಅಳಿವೆಬಾಗಿಲಲ್ಲಿ ಸ್ಪೂನ್ (ಚಮಚದಂಥ ಲೋಹದ ಗಾಳ) ಎಸೆಯುವುದು ಗೊತ್ತು. ಫ್ಲೈ ಗಾಳ (ನೊಣದ ಹಾಗೆ ಕಟ್ಟಿದ ಹಗುರ ಗಾಳ) ಕೈಯಲ್ಲಿ ಹಿಡಿದದ್ದೇ ಇಲ್ಲ. ಇರುವ ರಾಡ್ 8 ಅಡಿಯದು, 4000 ಸೈಜಿನ ರೀಲ್, 15 ಪೌಂಡಿನ ತಂಗೂಸು (ಗಾಳದ ನೂಲು). ಇದು ಸಾಕಾ, ಫ್ಲೈ ರಾಡ್ ತೆಗೆದುಕೊಳ್ಳಬೇಕಾ? ಒಬ್ಬರಿಗೆ 58 ವರ್ಷ, ದಿನಾ ನಡೆಯುವ ಅಭ್ಯಾಸ ಉಂಟು, ಆದರೆ ಎತ್ತರದ ಜಾಗಕ್ಕೆ ಹೋದವರಲ್ಲ. ಈ ಚಾರಣ ಸುಲಭ ಅಂತ ಎಲ್ಲ ಕಡೆ ಬರೆದಿದ್ದಾರೆ, ಹೌದಾ? ಮೀನು ಸರೋವರದಲ್ಲಿ ಎಲ್ಲಿರುತ್ತದೆ, ಯಾವ ಹೊತ್ತಿಗೆ ಕಚ್ಚುತ್ತದೆ? ಇದಕ್ಕಿಂತ ನಮಗೆ ಹತ್ತಿರದ ನೀಲಗಿರಿಯೇ ಒಳ್ಳೆಯದು ಅನ್ನುವುದಾದರೂ ಹೇಳಿ ಮಾರಾಯ್ರೆ.

ಹೊಸೂರು_ಚಾರಣ:

ಸರ್, ಮೊದಲು ದಾರಿಯ ಮಾತು. ಇದನ್ನು ಸುಲಭ ಅನ್ನುವವರು ಮೇಲಿನ ಹುಲ್ಲುಗಾವಲನ್ನು ನೆನೆದು ಹೇಳುತ್ತಾರೆ, ಕೆಳಗಿನ ಏರನ್ನು ಮರೆತಿರುತ್ತಾರೆ. ನಾರಾನಾಗ್ ಇರುವುದು ಸುಮಾರು 2,200 ಮೀಟರಿನಲ್ಲಿ, ಗಂಗಾಬಲ್ ಸುಮಾರು 3,570ರಲ್ಲಿ. ದಾರಿ ಹೆಚ್ಚುಕಡಿಮೆ 15 ಕಿ.ಮೀ. ಹಳೆಯ ಶಿವಾಲಯಗಳನ್ನು ದಾಟಿದ ಕೂಡಲೇ ಪೈನ್ ಕಾಡಿನೊಳಗೆ ಕಡಿದಾದ ಏರು ಶುರುವಾಗುತ್ತದೆ. ಏರಿನ ಬಹುಪಾಲು ಅಲ್ಲೇ. ಟ್ರುಂಖೋಲ್ ಹುಲ್ಲುಗಾವಲು ಮುಟ್ಟಿದ ಮೇಲೆ ನಿಜಕ್ಕೂ ಸಲೀಸು, ಸರೋವರಗಳ ಸುತ್ತ ಓಡಾಡುವುದಂತೂ ಯಾರಿಗಾದರೂ ಆಗುತ್ತದೆ.

ಕಾಲಿಗಿಂತ ಉಸಿರಿನ ಲೆಕ್ಕ ದೊಡ್ಡದು. ನೀವು ಬರುವುದು ಸಮುದ್ರಮಟ್ಟದ ಊರಿನಿಂದ. 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು ಎನ್ನುತ್ತಾರೆ ವೈದ್ಯರು. ಆದ್ದರಿಂದ ಶ್ರೀನಗರದಲ್ಲಿ ಒಂದು ರಾತ್ರಿ, ನಾರಾನಾಗ್‌ನಲ್ಲಿ ಒಂದು, ಟ್ರುಂಖೋಲ್‌ನಲ್ಲಿ ಒಂದು, ಸರೋವರದ ಬಳಿ ಎರಡು. ನಾರಾನಾಗ್‌ನಲ್ಲಿ ಇನ್ನೊಂದು ರಾತ್ರಿ ಸೇರಿಸಿದರೆ 58ರವರಿಗೆ ತುಂಬ ಅನುಕೂಲ. ಸಾಮಾನು ಹೊರಲು ಕುದುರೆ ಅಲ್ಲಿಯೇ ಸಿಗುತ್ತದೆ, ತೆಗೆದುಕೊಳ್ಳಿ. ಸಣ್ಣ ತಲೆನೋವು ಬಂದರೆ ಅಲ್ಲೇ ನಿಲ್ಲಿ, ಮೇಲೆ ಹೋಗಬೇಡಿ. ತಲೆನೋವಿನ ಜೊತೆ ವಾಂತಿ ಶುರುವಾಗಿ ನಿಂತರೂ ಕಡಿಮೆಯಾಗದಿದ್ದರೆ ಕೆಳಗಿಳಿಯಿರಿ. ಕೂತಲ್ಲೇ ಏದುಸಿರು ಬಂದರೆ, ನೇರ ಗೆರೆಯಲ್ಲಿ ನಡೆಯಲಾಗದೆ ತೂರಾಡಿದರೆ, ರಾತ್ರಿಯಾದರೂ ಕಾಯಬೇಡಿ, ಜೊತೆಗೆ ಜನ ಕರೆದುಕೊಂಡು ಇಳಿಸಿ. ಎತ್ತರದ ಕಾಯಿಲೆ ತಡೆಯುವ ಡಯಾಮಾಕ್ಸ್ ಮಾತ್ರೆ ಬೇಕೋ ಬೇಡವೋ ಎಂದು ಊರಿನಲ್ಲೇ ವೈದ್ಯರನ್ನು ಕೇಳಿ. ಸಲ್ಫಾ ಔಷಧಿ ಒಗ್ಗದವರು ಅದನ್ನು ಅವರಿಗೆ ಹೇಳಲೇಬೇಕು.

ಇನ್ನೆರಡು ವಿಷಯ. ಹೊರ ರಾಜ್ಯದ ಪ್ರೀಪೇಯ್ಡ್ ಸಿಮ್ ಜಮ್ಮು–ಕಾಶ್ಮೀರದಲ್ಲಿ ನಡೆಯುವುದಿಲ್ಲ, ಒಬ್ಬರಾದರೂ ಪೋಸ್ಟ್‌ಪೇಯ್ಡ್ ಇಟ್ಟುಕೊಳ್ಳಿ. ಮಂಗಳೂರಿನಿಂದ ನವಯುಗ ಎಕ್ಸ್‌ಪ್ರೆಸ್ ಕಟ್ರಾವರೆಗೆ ಹೋಗುತ್ತದೆ, ಅಲ್ಲಿಂದ ಶ್ರೀನಗರಕ್ಕೆ 2025ರಿಂದ ವಂದೇ ಭಾರತ್ ಇದೆ. ನೀವು ಹೋಗುವ ವರ್ಷ ಚಾರಣದ ದಾರಿ ತೆರೆದಿದೆಯೇ ಎಂದು ವಿಚಾರಿಸಿ ಆಮೇಲೆ ಟಿಕೆಟ್ ಮಾಡಿ.

ತಾಳವಾಡಿ_ಗಾಳ:

ಗಾಳದ ವಿಷಯಕ್ಕೆ ಬರ್ತೀನಿ ಅಣ್ಣ. ಫ್ಲೈ ರಾಡ್ ಕೊಳ್ಳಬೇಡಿ. ಫ್ಲೈಯಲ್ಲಿ ತೂಕ ಇರುವುದು ನೂಲಿಗೆ, ತುದಿಯ ನೊಣಕ್ಕಲ್ಲ. ಆ ನೂಲನ್ನು ಹಿಂದಕ್ಕೆ ಮುಂದಕ್ಕೆ ಬೀಸಿ ನೆಟ್ಟಗೆ ಬಿಡಿಸುವ ಕೈ ಕೂಡಲು ವಾರಗಟ್ಟಲೆ ಬೇಕು, ಸರೋವರದ ಎದುರುಗಾಳಿಗೆ ಮತ್ತೂ ಕಷ್ಟ. ನಿಮ್ಮ ಹೊಳೆಯ ರಾಡೂ ಬೇಡ. 15 ಪೌಂಡಿನ ದಪ್ಪ ನೂಲಿನಲ್ಲಿ 4 ಗ್ರಾಮಿನ ಸ್ಪಿನ್ನರ್ (ತಿರುಗುವ ತಗಡಿನ ಗಾಳ) ಹತ್ತು ಮೀಟರ್ ದಾಟುವುದಿಲ್ಲ, ತಿಳಿನೀರಿನಲ್ಲಿ ಮೀನಿಗೆ ಆ ನೂಲು ಎದ್ದು ಕಾಣುತ್ತದೆ. ಆರೂವರೆ–ಏಳು ಅಡಿಯ, 2ರಿಂದ 10 ಗ್ರಾಂ ಎಸೆಯುವ ಹಗುರ ಸ್ಪಿನ್ನಿಂಗ್ ರಾಡ್, 2000 ಸೈಜಿನ ರೀಲ್, 6 ಪೌಂಡಿನ (0.20–0.22 ಮಿ.ಮೀ.) ನೂಲು ಸಾಕು.

ಡಬ್ಬಿಯಲ್ಲಿ ಇಷ್ಟಿರಲಿ: 1 ಮತ್ತು 2ನೇ ನಂಬರಿನ ಸ್ಪಿನ್ನರ್ ಆರು, 5–7 ಗ್ರಾಮಿನ ಬೆಳ್ಳಿ ಮತ್ತು ತಾಮ್ರ ಬಣ್ಣದ ಸ್ಪೂನ್ ನಾಲ್ಕು, 14 ಮತ್ತು 16ನೇ ನಂಬರಿನ ಫ್ಲೈ ಹನ್ನೆರಡು (ಆಡಮ್ಸ್, ಫೆಸೆಂಟ್ ಟೇಲ್, ಹೇರ್ಸ್ ಇಯರ್ ಇದ್ದರೆ ಸಾಕು), ಪಾರದರ್ಶಕ ಬಬಲ್ ಫ್ಲೋಟ್ (ಒಳಗೆ ನೀರು ತುಂಬಬಹುದಾದ ತೇಲುಬುರುಡೆ) ನಾಲ್ಕು, ಸಣ್ಣ ಸ್ವಿವೆಲ್ (ತಿರುಗುವ ಕೊಂಡಿ), 4 ಪೌಂಡಿನ ಫ್ಲೋರೋಕಾರ್ಬನ್ (ನೀರಿನಲ್ಲಿ ಎದ್ದು ಕಾಣದ ನೂಲು) ಒಂದು ಸುರುಳಿ. ಸ್ಪಿನ್ನರ್ ತಿರುಗುವಾಗ ನೂಲೂ ಹುರಿಯಾಗುತ್ತದೆ. ಸ್ಪಿನ್ನರಿನಿಂದ ಎರಡು ಅಡಿ ಮೇಲೆ ಸ್ವಿವೆಲ್ ಕಟ್ಟದಿದ್ದರೆ ಅರ್ಧ ದಿನದಲ್ಲಿ ರೀಲಿನ ತುಂಬ ಗಂಟು. ಮೀನು ನೂಲು ಎಳೆಯುತ್ತಿರುವಾಗ ರೀಲಿನ ಹಿಡಿ ತಿರುಗಿಸಿದರೂ ಇದೇ ಪಾಡು.

ಬಬಲ್ ಫ್ಲೋಟ್ ಇದ್ದರೆ ಸ್ಪಿನ್ನಿಂಗ್ ರಾಡಿನಲ್ಲೇ ಫ್ಲೈ ಎಸೆಯಬಹುದು. ಮುಖ್ಯ ನೂಲಿಗೆ ಫ್ಲೋಟ್ ಪೋಣಿಸಿ, ಕೆಳಗೆ ಸ್ವಿವೆಲ್, ಅದರಿಂದ ಒಂದೂವರೆ ಮೀಟರ್ ಫ್ಲೋರೋಕಾರ್ಬನ್, ತುದಿಗೆ ಫ್ಲೈ. ಫ್ಲೋಟಿಗೆ ಮುಕ್ಕಾಲು ಭಾಗ ನೀರು ತುಂಬಿ, ಆ ನೀರೇ ಎಸೆಯಲು ಬೇಕಾದ ತೂಕ. ಹೊಸಬರು ಸೋಲುವುದು ಒಂದೇ ಕಡೆ: ಗಾಳಿಯಲ್ಲಿ ಫ್ಲೋಟ್ ಮುಂದೆ ಹೋಗಿ ಫ್ಲೈ ಅದಕ್ಕೇ ಸುತ್ತಿಕೊಳ್ಳುತ್ತದೆ. ಫ್ಲೋಟ್ ನೀರಿಗೆ ಬೀಳುವ ಗಳಿಗೆಗೆ ಸ್ವಲ್ಪ ಮೊದಲು ರೀಲಿನ ಅಂಚಿನಲ್ಲಿ ಓಡುವ ನೂಲನ್ನು ತೋರುಬೆರಳಿನಿಂದ ಮೆಲ್ಲಗೆ ತಡೆಯಿರಿ, ಫ್ಲೈ ಮುಂದಕ್ಕೆ ಹಾರಿ ನೆಟ್ಟಗೆ ಬೀಳುತ್ತದೆ. ಆಮೇಲೆ ಬಹಳ ನಿಧಾನ ಸುತ್ತಿ. ಮೀನು ಹಿಡಿದರೆ ಜಗ್ಗಬೇಡಿ, ರಾಡ್ ಎತ್ತಿದರೆ ಸಾಕು, ಜಗ್ಗಿದರೆ 4 ಪೌಂಡಿನ ನೂಲು ಗಂಟಿನಲ್ಲೇ ಕಡಿಯುತ್ತದೆ. ಗಂಟನ್ನು ಐದಾರು ಸುತ್ತು ಹಾಕಿ, ಉಗುಳು ಹಚ್ಚಿ ಬಿಗಿಯಿರಿ. ಒಣಗಂಟು ಉಜ್ಜಿಕೊಂಡು ಬಿಸಿಯಾಗಿ ನೂಲನ್ನೇ ತಿನ್ನುತ್ತದೆ.

ಎರೆಹುಳ ಊರಲ್ಲೇ ಇರಲಿ. ಟ್ರೌಟ್ ಅದನ್ನು ಗಂಟಲವರೆಗೆ ನುಂಗುತ್ತದೆ, ಬಿಟ್ಟರೂ ಬದುಕುವುದು ಕಷ್ಟ. ಮೀನುಗಾರಿಕೆ ಇಲಾಖೆಯ ಪರವಾನಗಿ ಶ್ರೀನಗರದಲ್ಲೇ ಮಾಡಿಸಿಕೊಳ್ಳಿ, ಮೇಲೆ ಕೊಡುವವರಿಲ್ಲ. ಯಾವ ಗಾಳ, ಎಷ್ಟು ಮೀನು, ಎಷ್ಟು ಉದ್ದ ಎಂದು ಅದರಲ್ಲಿ ಬರೆದಷ್ಟೇ ಸರಿ. ಟ್ರೌಟ್ ಋತು ಏಪ್ರಿಲ್‌ನಿಂದ ಸೆಪ್ಟೆಂಬರ್ ಕೊನೆವರೆಗೆ, ನೀವು ಹೋಗುವುದು ಒಳ್ಳೆ ಕಾಲ.

ಮೀನು ಎಲ್ಲಿ ಅಂದರೆ, ಗಂಗಾಬಲ್‌ನ ನೀರು ತೊರೆಯಾಗಿ ಇಳಿದು ನುಂದ್‌ಕೋಲ್ ಸೇರುತ್ತದೆ. ಆ ತೊರೆ ನುಂದ್‌ಕೋಲ್‌ಗೆ ಬೀಳುವ ಬಾಯಿಯಲ್ಲಿ ಶುರುಮಾಡಿ. ಓಡುವ ನೀರು ನಿಂತ ನೀರಿಗೆ ತಾಗುವ ಕಡೆ ನೊರೆಯ ಗೆರೆಯೊಂದು ಕಾಣುತ್ತದೆ. ತೊರೆ ಹೊತ್ತು ತಂದ ಹುಳಹುಪ್ಪಟೆ ಆ ಗೆರೆಯಲ್ಲೇ ತೇಲುತ್ತವೆ. ಟ್ರೌಟ್ ಗೆರೆಯ ಒಳಗಿರುವುದಿಲ್ಲ, ಪಕ್ಕದ ನಿಧಾನ ನೀರಿನಲ್ಲಿ ಮೂತಿ ತೊರೆಯ ಕಡೆ ಇಟ್ಟು ಬಾಲವಾಡಿಸುತ್ತ ನಿಂತಿರುತ್ತದೆ, ಹುಳ ಬಂದಾಗ ಒಂದು ಮೊಳ ಪಕ್ಕಕ್ಕೆ ಸರಿದು ಕಚ್ಚಿ ಮತ್ತೆ ಅದೇ ಜಾಗಕ್ಕೆ ಬರುತ್ತದೆ. ಗೆರೆಯ ಆಚೆಗೆ ಎಸೆದು ಅಡ್ಡ ತನ್ನಿ. ಇನ್ನೊಂದು ಜಾಗ, ದಡದ ತಿಳಿ ಹಸಿರು ನೀರು ಥಟ್ಟನೆ ಕಡುನೀಲಿಯಾಗುವ ಅಂಚು. ಬೆಳಗ್ಗೆ ಬಿಸಿಲು ನೀರಿಗೆ ಬೀಳುವ ಮೊದಲು ಮತ್ತು ಸಂಜೆ ಕೊನೆಯ ಒಂದೂವರೆ ಗಂಟೆ ಮೀನು ದಡಕ್ಕೇ ಬರುತ್ತದೆ. ನಡುಹಗಲು ಆಳಕ್ಕಿಳಿಯುತ್ತದೆ. ಆಗ ಸ್ಪೂನ್ ಎಸೆದು ಐದು ಎಣಿಸಿ ಎಳೆಯಿರಿ, ಆಗದಿದ್ದರೆ ಹತ್ತು, ಆಮೇಲೆ ಹದಿನೈದು. ಎಷ್ಟಕ್ಕೆ ಕಚ್ಚಿತೋ ಆ ಎಣಿಕೆಯನ್ನು ಬಿಡಬೇಡಿ.

ಎಲ್ಲಕ್ಕಿಂತ ಹೆಚ್ಚು ಮೀನು ಕಳೆದುಕೊಳ್ಳುವುದು ನೇರ ನೀರಂಚಿಗೆ ನಡೆದು ಹೋಗುವುದರಿಂದ. ಕಂದು ಟ್ರೌಟ್‌ಗೆ ನೆರಳು ಬಿದ್ದರೆ, ಕಲ್ಲು ಅಲುಗಿದರೆ ಸಾಕು, ಓಡಿಹೋಗುತ್ತದೆ. ದಡದಿಂದ ನಾಲ್ಕು ಮೀಟರ್ ಹಿಂದೆ ಬಗ್ಗಿ ನಿಂತು ಮೊದಲ ಎಸೆತ ದಡದ ಪಕ್ಕಕ್ಕೇ ಹಾಕಿ.

ನೀಲಗಿರಿ ಕೇಳಿದಿರಿ. ಅವಲಾಂಚಿ, ಅಪ್ಪರ್ ಭವಾನಿ ಕಡೆ ಇಪ್ಪತ್ತನೇ ಶತಮಾನದ ಆರಂಭದಿಂದ ಕಾಮನಬಿಲ್ಲು ಟ್ರೌಟ್ ಇದೆ. ಆದರೆ ಅದು ಅರಣ್ಯ ಇಲಾಖೆಯ ಬಿಗಿ ಕಾವಲಿನ ಸೀಮೆ. ಲಿಖಿತ ಅನುಮತಿ ಕೈಯಲ್ಲಿಲ್ಲದೆ ರಾಡ್ ಹಿಡಿದು ಹೋಗಲೇಬೇಡಿ.

ಅಕ್ಕಲಕೋಟ_ನೀರು:

ಇಷ್ಟೆಲ್ಲಾ ಹೇಳ್ಯಾರ, ನಾ ಮೂರು ಮಾತು ಸೇರಸ್ತೀನ್ರಿ. ಅಲ್ಲಿ ಮಧ್ಯಾಹ್ನದ ಮ್ಯಾಲೆ ಗುಡುಗು ಮಳಿ ಬರೋದು ಮಾಮೂಲು. ಕಾರ್ಬನ್ ರಾಡಿನ್ಯಾಗ ಕರೆಂಟ್ ಹರೀತದ. ಗುಡುಗು ಕೇಳಿದ್ರ ಸಾಕು, ರಾಡ್ ನೆಲಕ್ಕ ಇಟ್ಟು ದೂರ ಸರೀರಿ. ಬಯಲಾಗ ನೀವೇ ಎಲ್ಲಕ್ಕಿಂತ ಎತ್ತರ ಇರ್ತೀರಿ.

ಮೀನು ಬಿಡೋದಿದ್ರ ಗಾಳದ ತುದಿ ಹತ್ರದ ಹಿಮ್ಮುಳ್ಳನ್ನ ಮೊದಲೇ ಇಕ್ಕಳದಿಂದ ಒತ್ತಿ ಮಟ್ಟ ಮಾಡ್ರಿ. ಒಣಗೈಲಿ ಮುಟ್ಟಿದ್ರ ಮೈಮ್ಯಾಲಿನ ಲೋಳಿ ಕಿತ್ತು ಬಂದು ಅಲ್ಲೇ ಬೂಜು ಹಿಡಿತದ, ಕೈ ತೋಯಿಸಿಕೊಂಡು ಹಿಡೀರಿ. ಕಿವಿರಿನ್ಯಾಗ ಬೆರಳು ಹಾಕಬ್ಯಾಡ್ರಿ.

ಟ್ರೌಟ್ ಆ ನೆಲದ ಮೀನಲ್ಲ. 1900ರಾಗ ಬ್ರಿಟನ್ನಿನಿಂದ ತತ್ತಿ ತರಿಸಿ ಕಾಶ್ಮೀರದಾಗ ಬೆಳೆಸಿದ್ದು, ಅದಕ್ಕೂ ಮೊದಲ ವರ್ಷ ತಂದ ತತ್ತಿ ದಾರ್ಯಾಗ ಸತ್ತಿದ್ದುವು. ಆದ್ರ ಗಂಗಾಬಲ್ ಕಾಶ್ಮೀರಿ ಪಂಡಿತರಿಗೆ ಗಂಗಿಯಷ್ಟೇ ಪವಿತ್ರ, ಅಸ್ಥಿ ಬಿಡೋ ಜಾಗ. ಭಾದ್ರಪದದ ಯಾತ್ರಾ ಆಗಸ್ಟ್–ಸೆಪ್ಟೆಂಬರ್‌ನ್ಯಾಗ ಬರ್ತದ. ಯಾತ್ರಿಕರು ಇದ್ದಾಗ ಅಲ್ಲಿ ಗಾಳ ಹಾಕಬ್ಯಾಡ್ರಿ, ನುಂದ್‌ಕೋಲ್‌ಗೆ ಹೋಗ್ರಿ.

ಬದಿಯಡ್ಕ_ಹೊಳೆಬದಿ:

ಎಲ್ಲರಿಗೂ ದೊಡ್ಡ ಉಪಕಾರ. ನಾರಾನಾಗ್‌ನಲ್ಲಿ ಎರಡು ರಾತ್ರಿ ಅಂತ ನಿಶ್ಚಯ ಮಾಡಿದೆವು. ಒಂದೆರಡು ಮೀನು ಅಲ್ಲೇ ಬೇಯಿಸಿ ತಿನ್ನಬೇಕೆಂದುಂಟು. ಬಂಗುಡೆ, ಕಾಣೆ ಮಾಡಿದ ಹಾಗೆಯೇ ಮಾಡಿದರೆ ಸಾಕಾ? ಗ್ಯಾಸ್ ಏನು ಮಾಡುವುದು?

ತಾಳವಾಡಿ_ಗಾಳ:

ಹುರುಪೆ ತೆಗೆಯುವ ಕೆಲಸವೇ ಇಲ್ಲ ಅಣ್ಣ, ಟ್ರೌಟ್‌ನದು ಕಣ್ಣಿಗೆ ಕಾಣದಷ್ಟು ಸಣ್ಣ ಹುರುಪೆ. ಹಿಡಿದ ಕೂಡಲೇ ತಲೆಗೆ ಒಂದು ಪೆಟ್ಟು ಹಾಕಿ ಕೊಲ್ಲಿ, ನರಳಲು ಬಿಡಬೇಡಿ. ಹೊಟ್ಟೆಯನ್ನು ಬಾಲದ ಕಡೆಯ ತೂತಿನಿಂದ ಕಿವಿರುವರೆಗೆ ಮೇಲೆ ಮೇಲೆ ಸೀಳಿ, ಚಾಕು ಆಳಕ್ಕೆ ಹೋದರೆ ಕರುಳು ಒಡೆದು ಮಾಂಸ ಕಹಿಯಾಗುತ್ತದೆ. ಕಿವಿರು ಹಿಡಿದು ಎಳೆದರೆ ಕರುಳೆಲ್ಲ ಒಟ್ಟಿಗೆ ಬರುತ್ತದೆ. ಬೆನ್ನುಮೂಳೆಗೆ ಅಂಟಿದ ಕಪ್ಪುಕೆಂಪು ರಕ್ತದ ಗೆರೆ ಉಳಿದಿರುತ್ತದೆ, ಹೆಬ್ಬೆರಳ ಉಗುರಿನಿಂದ ಬಾಲದಿಂದ ತಲೆಯ ಕಡೆಗೆ ಕೆರೆದು ತೆಗೆಯಿರಿ. ವಾಸನೆಗೆ ಮೂಲ ಅದೇ. ಅರಿಸಿನ, ಉಪ್ಪು, ಖಾರ ಸಾಕು, ಹುಳಿ ಬೇಡ. ಮಾಂಸ ಮೆದು, ಕಾವಲಿಯ ಮೇಲೆ ಒಂದು ಮಗ್ಗುಲಿಗೆ ನಾಲ್ಕೈದು ನಿಮಿಷ ಮೀರಿದರೆ ಒಡೆಯುತ್ತದೆ.

ಗ್ಯಾಸ್ ಡಬ್ಬಿ ವಿಮಾನದಲ್ಲೂ ರೈಲಿನಲ್ಲೂ ಒಯ್ಯುವಂತಿಲ್ಲ, ಶ್ರೀನಗರದಲ್ಲಿ ಕೊಳ್ಳಿ. ಬರೀ ಬ್ಯೂಟೇನ್ ಡಬ್ಬಿ ಸೊನ್ನೆ ಡಿಗ್ರಿ ಹತ್ತಿರ ಬಂದಾಗ ಉರಿಯುವುದಿಲ್ಲ, ಐಸೋಬ್ಯೂಟೇನ್–ಪ್ರೊಪೇನ್ ಬೆರಕೆಯದೇ ಕೇಳಿ. ಕರುಳು, ಕಿವಿರನ್ನು ನೀರಿಗೆ ಎಸೆಯಬೇಡಿ, ಟೆಂಟಿನ ಹತ್ತಿರವೂ ಬೇಡ. ಆ ಕಣಿವೆಗಳಲ್ಲಿ ಕರಡಿ ಇದೆ. ನೀರಿನಿಂದ ದೂರ, ಟೆಂಟಿನಿಂದ ನೂರು ಹೆಜ್ಜೆಗಿಂತ ಆಚೆ, ಮೊಳದಾಳ ತೋಡಿ ಹೂತು ಮೇಲೆ ಕಲ್ಲು ಹೇರಿ.