1000 ಕ್ಯಾಲರಿಗೆ ಇಳಿಸಿದ್ದೇನೆ, ತೂಕ ನಿಂತುಬಿಟ್ಟಿದೆ, ತಲೆ ತಿರುಗ್ತದೆ. ಇನ್ನೂ ಕಡಿಮೆ ಮಾಡ್ಬೇಕಾ?

ಸುರತ್ಕಲ್ ಸಂಜೆ (ಪ್ರಶ್ನೆ)

ಪ್ರಾಯ 38, ಎತ್ತರ 158 ಸೆಂ.ಮೀ., ಶುರು ಮಾಡುವಾಗ ತೂಕ 74 ಕೆ.ಜಿ. ಕೂತು ಮಾಡುವ ಆಫೀಸ್ ಕೆಲಸ, ಸಂಜೆ ಅರ್ಧ ಗಂಟೆ ನಡಿಗೆ. ಮೊಬೈಲಿನ ಆ್ಯಪ್ ದಿನಕ್ಕೆ 1000 ಕ್ಯಾಲರಿ ಅಂತ ಕೊಟ್ಟಿತು. ಬೆಳಿಗ್ಗೆ ಎರಡು ನೀರುದೋಸೆ, ಕಾಯಿ ಚಟ್ನಿ. ಮಧ್ಯಾಹ್ನ ಕುಚ್ಚಲಕ್ಕಿ ಗಂಜಿ, ಚಟ್ನಿ, ಉಪ್ಪಿನಕಾಯಿ. ರಾತ್ರಿ ಬರೀ ಹಣ್ಣು. ಎಣ್ಣೆ ಆಗ್ತದೆ ಅಂತ ಮೀನು ಬಿಟ್ಟಿದ್ದೇನೆ.

ಮೊದಲ ಹತ್ತು ದಿನದಲ್ಲಿ 2.5 ಕೆ.ಜಿ. ಇಳಿಯಿತು. ಆಮೇಲೆ 12 ದಿನ ಆಯ್ತು, 71.5ರ ಹತ್ತಿರವೇ ಉಂಟು. ಕೂತಲ್ಲಿಂದ ಎದ್ದರೆ ತಲೆ ತಿರುಗ್ತದೆ. ಇನ್ನೊಂದು 200 ಇಳಿಸ್ಬೇಕಾ? ಮನೆಯಲ್ಲಿ ನಾಲ್ಕು ಜನ, ನನಗೊಬ್ಬಳಿಗೇ ಬೇರೆ ಅಡುಗೆ ಮಾಡ್ಲಿಕ್ಕೆ ಆಗುದಿಲ್ಲ. ಯಜಮಾನರಿಗೆ ಶುಗರ್ ಉಂಟು, ಗ್ಲಿಮೆಪಿರೈಡ್ ಮತ್ತು ಮೆಟ್‌ಫಾರ್ಮಿನ್ ಸೇರಿದ ಮಾತ್ರೆ. ಅವರೂ ಸೋಮವಾರದಿಂದ ನನ್ನ ಜೊತೆ ಇದನ್ನೇ ಶುರು ಮಾಡ್ತಾರಂತೆ.

ಕದ್ರಿ ಗುಡ್ಡೆ

ಇಳಿಸ್ಬೇಡಿ ಅಕ್ಕ, ಏರಿಸಿ. ಮತ್ತೆ ಯಜಮಾನರಿಗೆ ಸೋಮವಾರ ಶುರು ಮಾಡ್ಬೇಡಿ ಹೇಳಿ. ಮಾತ್ರೆ ವಿಷಯ ಗೊತ್ತಿದ್ದವರು ಇಲ್ಲಿ ಬರೀತಾರೆ. ನಾನು ನಿಮ್ಮ ಲೆಕ್ಕ ಹಾಕ್ತೇನೆ.

ಏನೂ ಮಾಡದೆ ಮಲಗಿದ್ದರೂ ದೇಹಕ್ಕೆ ಬೇಕಾದ ಶಕ್ತಿಗೆ ಮಿಫ್ಲಿನ್ ಸೂತ್ರ ಸಾಕು: ತೂಕವನ್ನು 10ರಿಂದ, ಎತ್ತರವನ್ನು 6.25ರಿಂದ ಗುಣಿಸಿ ಕೂಡಿಸಿ. ಪ್ರಾಯವನ್ನು 5ರಿಂದ ಗುಣಿಸಿ ಕಳೆಯಿರಿ. ಹೆಂಗಸರಾದರೆ ಇನ್ನೂ 161 ಕಳೆಯಿರಿ, ಗಂಡಸರಾದರೆ 5 ಸೇರಿಸಿ. ನಿಮಗೆ 715 + 987 − 190 − 161, ಅಂದರೆ ಸುಮಾರು 1350. ಕೂತು ಮಾಡುವ ಕೆಲಸಕ್ಕೆ ಇದನ್ನು 1.2ರಿಂದ, ಸ್ವಲ್ಪ ಓಡಾಟ ಇದ್ದರೆ 1.375ರಿಂದ ಗುಣಿಸುದು. ನಿಮ್ಮ ದಿನದ ಖರ್ಚು 1620 ಮತ್ತು 1860ರ ನಡುವೆ ಎಲ್ಲೋ ಉಂಟು. 1700 – 1750 ಅಂತ ಇಟ್ಟುಕೊಳ್ಳಿ.

ಅದರಿಂದ 350 ಕಳೆದರೆ 1350 – 1400. ನಿಮ್ಮ ಗುರಿ ಅದು. ಒಂದು ಕೆ.ಜಿ. ಕೊಬ್ಬಿಗೆ ಸುಮಾರು 7700 ಕ್ಯಾಲರಿ, ಹಾಗಾಗಿ ತಿಂಗಳಿಗೆ ಒಂದೂಕಾಲರಿಂದ ಒಂದೂವರೆ ಕೆ.ಜಿ. ಇಳಿತದೆ. ಕಡಿಮೆ ಅನಿಸ್ತದೆ, ಆದರೆ ಇಳಿದದ್ದು ನಿಲ್ತದೆ. ವೈದ್ಯರ ನಿಗಾ ಇಲ್ಲದೆ ಹೆಂಗಸರು 1200ಕ್ಕಿಂತ, ಗಂಡಸರು 1500ಕ್ಕಿಂತ ಕೆಳಗೆ ಹೋಗಬಾರದು. ಆ ಆ್ಯಪ್ ನಿಮ್ಮ ಎತ್ತರ ತೂಕ ಕೇಳಿಯೂ 1000 ಕೊಟ್ಟದ್ದಾದರೆ ಅದನ್ನು ತೆಗೆದುಹಾಕಿ.

ತೂಕ ಯಾಕೆ ನಿಂತಿತು? ಮೊದಲು ಇಳಿದ ಎರಡೂವರೆಯಲ್ಲಿ ಹೆಚ್ಚಿನದ್ದು ನೀರು. ಮಾಂಸಖಂಡ ಮತ್ತು ಲಿವರ್‌ನಲ್ಲಿ ಕೂಡಿಟ್ಟ ಗ್ಲೈಕೋಜನ್ (ಸಕ್ಕರೆಯ ದಾಸ್ತಾನು) ಒಂದು ಗ್ರಾಂ ಹೋದರೆ ಜೊತೆಗೆ ಸುಮಾರು ಮೂರು ಗ್ರಾಂ ನೀರೂ ಹೋಗ್ತದೆ. ಈಗಿನ 12 ದಿನದಲ್ಲಿ ನಿಜವಾಗಿ 1000ವೇ ತಿಂದದ್ದಾದರೆ ಒಂದು ಕೆ.ಜಿ. ಹತ್ತಿರ ಕೊಬ್ಬು ಕರಗಿರಬೇಕು, ಆದರೆ ಗಂಜಿ-ಉಪ್ಪಿನಕಾಯಿಯ ಉಪ್ಪು ನೀರನ್ನು ಹಿಡಿದಿಡ್ತದೆ, ತಿಂಗಳ ಮುಟ್ಟಿಗೆ ಮುಂಚಿನ ನಾಲ್ಕೈದು ದಿನ ಇನ್ನೊಂದು ಕೆ.ಜಿ. ಕೂಡ ಏರಬಹುದು. ಇಲ್ಲವಾದರೆ ಚಟ್ನಿಯ ಕಾಯಿ ಲೆಕ್ಕಕ್ಕೆ ಬಂದಿಲ್ಲ. ಎರಡು ಹೊತ್ತು 30 – 30 ಗ್ರಾಂ ತುರಿ ಅಂದರೆ ಅದೇ 200ಕ್ಕೂ ಮೇಲೆ.

ನನಗೆ ನಿಜಕ್ಕೂ ಹೆದರಿಕೆ ಆದದ್ದು ಕ್ಯಾಲರಿ ನೋಡಿ ಅಲ್ಲ, ಪ್ರೋಟೀನ್ ನೋಡಿ. ನೀವು ಬರೆದ ಊಟದಲ್ಲಿ ದಿನಕ್ಕೆ 20 ಗ್ರಾಂ ಕೂಡ ಇಲ್ಲ. ನಿಮಗೆ ಬೇಕಾದ್ದು 65 – 70. (ನಿಮ್ಮ ಎತ್ತರಕ್ಕೆ ಸರಿಯಾದ ತೂಕ ಸುಮಾರು 57 ಕೆ.ಜಿ., ಅದರ 1.2 ಪಟ್ಟು.) ಪ್ರೋಟೀನ್ ಇಲ್ಲದೆ ಇಳಿದ ತೂಕದಲ್ಲಿ ದೊಡ್ಡ ಪಾಲು ಮಾಂಸಖಂಡ. ಎರಡು ಮೂರು ತಿಂಗಳ ನಂತರ ಬಾಚಣಿಗೆಗೆ ಕೂದಲು ಬರ್ಲಿಕ್ಕೆ ಶುರು ಆಗುದೂ ಇದರಿಂದಲೇ. ಮೀನು ಬಿಟ್ಟದ್ದು ತಪ್ಪು.

ತಲೆ ತಿರುಗುವುದಕ್ಕೆ ಬಿಪಿ (ಕೂತು ಒಮ್ಮೆ, ಎದ್ದು ನಿಂತು ಒಮ್ಮೆ), ಹಿಮೋಗ್ಲೋಬಿನ್, ಶುಗರ್, ಥೈರಾಯ್ಡಿನ ಟಿಎಸ್‌ಎಚ್ ನೋಡಿಸಿ. ಮಂಗಳೂರಿನ ಸರ್ಕಾರಿ ಆಸ್ಪತ್ರೆ ವೆನ್ಲಾಕ್‌ನಲ್ಲೋ ನಿಮ್ಮ ಹತ್ತಿರದ ಆರೋಗ್ಯ ಕೇಂದ್ರದಲ್ಲೋ ಕೇಳಿ. ಪರೀಕ್ಷೆ ಬರುವ ತನಕ 1500 ತಿನ್ನಿ.

ಒಗ್ಗರಣೆ ಸೌಟು, ಉಡುಪಿ

ಬೇರೆ ಅಡುಗೆ ಬೇಡವೇ ಬೇಡ. ನಮ್ಮ ಕಡೆ ಕ್ಯಾಲರಿ ಕೂತಿರುದು ಮೂರು ಕಡೆ: ಎಣ್ಣೆ, ತೆಂಗಿನಕಾಯಿ, ಅನ್ನದ ಸೌಟು. ಅಲ್ಲಿ ಕೈ ಬಿಗಿ ಮಾಡಿದರೆ ಮನೆಯವರಿಗೆ ಎಲ್ಲರಿಗೂ ಒಳ್ಳೆದೇ.

ಎಣ್ಣೆ: ತಲೆಗೆ ತಿಂಗಳಿಗೆ ಅರ್ಧ ಲೀಟರ್. ನಾಲ್ಕು ಜನಕ್ಕೆ ಎರಡು ಲೀಟರ್ ಒಂದನೇ ತಾರೀಕಿಗೆ ಬೇರೆ ಬಾಟಲಿಗೆ ಹೊಯ್ದಿಡಿ. ತೆಂಗಿನೆಣ್ಣೆ, ತುಪ್ಪ ಎಲ್ಲ ಸೇರಿ ಅಷ್ಟೇ. ದಿನಕ್ಕೆ ಒಬ್ಬರಿಗೆ ಮೂರು ಟೀ ಚಮಚಕ್ಕಿಂತ ಸ್ವಲ್ಪ ಹೆಚ್ಚು ಬರ್ತದೆ, ಸುಮಾರು 140 ಕ್ಯಾಲರಿ. ಒಂದು ಟೀ ಚಮಚ ಎಣ್ಣೆ 40, ಊಟದ ದೊಡ್ಡ ಚಮಚ 120. ಒಗ್ಗರಣೆಗೆ ಬಾಟಲಿಯಿಂದ ನೇರ ಸುರಿಯುವ ಅಭ್ಯಾಸ ಇದ್ದರೆ ಮೊದಲು ಅದನ್ನು ನಿಲ್ಲಿಸಿ.

ಕಾಯಿ: ಮಧ್ಯಮ ಗಾತ್ರದ ಒಂದು ತೆಂಗಿನಕಾಯಿ ತುರಿದರೆ 200 ಗ್ರಾಂ ಹತ್ತಿರ, ಅದರಲ್ಲಿ 700ಕ್ಕೂ ಹೆಚ್ಚು ಕ್ಯಾಲರಿ. ದಿನಕ್ಕೊಂದು ಕಾಯಿ ಒಡೆಯುವ ನಾಲ್ಕು ಜನರ ಮನೆಯಲ್ಲಿ ತಲೆಗೆ 175. ಅರ್ಧ ಕಾಯಿಗೆ ಇಳಿಸಿ. ಗಸಿ (ಕಾಯಿ ಅರೆದು ಮಾಡುವ ಗಟ್ಟಿ ಸಾರು) ನೀರಾಗ್ತದೆ ಅಂತ ಮನೆಯವರು ಹೇಳ್ತಾರೆ, ಅದಕ್ಕೆ ಉಪಾಯ ಉಂಟು: ಮಸಾಲೆ ಅರೆಯುವಾಗ ನೆನೆಸಿದ ಅಕ್ಕಿ ಒಂದು ದೊಡ್ಡ ಚಮಚ, ಕೊತ್ತಂಬರಿ ಕಾಲು ಪಾಲು ಜಾಸ್ತಿ ಹಾಕಿ, ನುಣ್ಣಗೆ ಅರೆಯಿರಿ. ಮಸಾಲೆ ಹುರಿಯುವಾಗ ಎಣ್ಣೆ ಬೇಡ, ಕಬ್ಬಿಣದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಒಣ ಹುರಿದರೂ ಪರಿಮಳ ಬರ್ತದೆ. ವಾರಕ್ಕೆ ಎರಡು ದಿನ ಬೋಳು ಕೊದ್ದೆಲ್ ಅಥವಾ ಸಾರು ಮಾಡಿ, ಕಾಯಿಯೇ ಬೇಡ. ಬಸಳೆ, ಹರಿವೆ, ತೊಂಡೆ, ಹೀರೆ, ಮಂಗಳೂರು ಸೌತೆ, ಮಟ್ಟು ಗುಳ್ಳ ಎಷ್ಟು ಬೇಕಾದರೂ ತಿನ್ನಿ, ಪಲ್ಯಕ್ಕೆ ತಲೆಗೆ ಒಂದು ಚಮಚ ತುರಿ ಸಾಕು.

ಅನ್ನ: ಕುಚ್ಚಲಕ್ಕಿ ಹಗುರ, ಬೆಳ್ತಿಗೆ (ಬಿಳಿ ಅಕ್ಕಿ) ಭಾರ ಅಂತ ಒಂದು ನಂಬಿಕೆ ಉಂಟು. ಹಸಿ ಅಕ್ಕಿ ಯಾವುದಾದರೂ 100 ಗ್ರಾಂಗೆ ಸುಮಾರು 350 ಕ್ಯಾಲರಿ. ಗಂಜಿಯಲ್ಲಿ ನೀರು ಹೆಚ್ಚು ಇರುವ ಕಾರಣ ಹೊಟ್ಟೆ ತುಂಬ್ತದೆ, ಎರಡು ಗಂಟೆಗೆ ಪುನಃ ಹಸಿವು. ಗಂಜಿಯೇ ಬೇಕಾದರೆ ಪದೆಂಗಿ ಗಂಜಿ ಮಾಡಿ, ಅಕ್ಕಿ ಅರ್ಧ, ಹೆಸರುಕಾಳು ಅರ್ಧ.

ಮೀನು: ಬಂಗುಡೆ, ಬೂತಾಯಿ 100 ಗ್ರಾಂಗೆ 18 – 20 ಗ್ರಾಂ ಪ್ರೋಟೀನ್. ಕ್ಯಾಲರಿ ಏರುವುದು ರವೆ ಹೊರಳಿಸಿ ಎಣ್ಣೆಯಲ್ಲಿ ಮುಳುಗಿಸಿದಾಗ, ಮೀನಿನಿಂದ ಅಲ್ಲ. ಪುಳಿಮುಂಚಿಗೆ (ಹುಳಿ-ಖಾರದ ಮೀನು ಸಾರು) ಕಾಯಿ ಬೇಡ, ಎಣ್ಣೆ ಒಂದು ಚಮಚ. ಕಾಯಿಸುದಾದರೆ ಕಾವಲಿ ಮೇಲೆ ಬಾಳೆಲೆ ಇಟ್ಟು ಅರ್ಧ ಚಮಚ ಎಣ್ಣೆ ಸವರಿ, ಮುಚ್ಚಳ ಮುಚ್ಚಿ, ಒಂದು ಬದಿಗೆ ನಾಲ್ಕೈದು ನಿಮಿಷ.

ಒಂದು ದಿನ ಹೀಗೆ ಹೊಂದಿಸಬಹುದು. ಬೆಳಿಗ್ಗೆ ಮೂರು ನೀರುದೋಸೆ (60 ಗ್ರಾಂ ಅಕ್ಕಿ) ಮತ್ತು ಎರಡು ಬೇಯಿಸಿದ ಮೊಟ್ಟೆ, 400. ಮಧ್ಯಾಹ್ನ 60 ಗ್ರಾಂ ಹಸಿ ಅಕ್ಕಿಯ ಅನ್ನ, ಎರಡು ಬಂಗುಡೆ ಪುಳಿಮುಂಚಿ, ಹರಿವೆ ಪಲ್ಯ, ಮಜ್ಜಿಗೆ, 500. ಸಂಜೆ ಸಕ್ಕರೆ ಇಲ್ಲದ ಚಾ ಮತ್ತು ಒಂದು ಪೇರಳೆ, 100. ರಾತ್ರಿ ಎರಡು ಚಪಾತಿ, 40 ಗ್ರಾಂ ಹೆಸರುಕಾಳಿನ ಗಸಿ, ತೊಂಡೆ ಪಲ್ಯ, 400. ಪ್ರೋಟೀನ್ 70ರ ಹತ್ತಿರ ಬರ್ತದೆ. ಬನ್ಸ್, ಗೋಳಿಬಜೆ ದಿನದ ಚಾಕ್ಕೆ ಇರಬಾರದು. ಒಂದು ಬನ್ಸ್ 200ರ ಮೇಲೆ, ಮೈದಾ, ಬಾಳೆಹಣ್ಣು, ಸಕ್ಕರೆ, ಮತ್ತೆ ಎಣ್ಣೆ.

ಮದ್ದಿನಂಗಡಿ

ಯಜಮಾನರ ವಿಷಯ. ಗ್ಲಿಮೆಪಿರೈಡ್ ಊಟ ಇದ್ದರೂ ಇಲ್ಲದಿದ್ದರೂ ಮೇದೋಜೀರಕದಿಂದ ಇನ್ಸುಲಿನ್ ಹೊರಡಿಸ್ತದೆ. ಊಟ ಅರ್ಧ ಆಗಿ ಮಾತ್ರೆ ಅಷ್ಟೇ ಇದ್ದರೆ ಶುಗರ್ ಕುಸಿಯುತ್ತದೆ. ಮೆಟ್‌ಫಾರ್ಮಿನ್ ಒಂದರಿಂದಲೇ ಹೀಗಾಗುವುದು ಅಪರೂಪ, ಆದರೆ ಅವರದ್ದು ಎರಡೂ ಸೇರಿದ ಮಾತ್ರೆ, ಮನೆಯಲ್ಲಿ ಬೇರ್ಪಡಿಸ್ಲಿಕ್ಕೆ ಆಗುದಿಲ್ಲ. ಮೊದಲು ಡಾಕ್ಟರ್ ಹತ್ತಿರ ಹೋಗಿ "ಊಟ ಇಷ್ಟು ಕಡಿಮೆ ಮಾಡ್ತೇನೆ, ಡೋಸ್ ಎಷ್ಟು" ಅಂತ ಕೇಳಲಿ. ತಾನಾಗಿ ಮಾತ್ರೆ ಬಿಡುವುದೂ ಬೇಡ. ಇನ್ಸುಲಿನ್ ತಗೊಳ್ಳುವವರಿಗೂ ಇದೇ ಮಾತು.

ತಣ್ಣನೆ ಬೆವರು, ಕೈ ನಡುಕ, ಎದೆಬಡಿತ, ವಿಪರೀತ ಹಸಿವು, ಮಾತು ತಡವರಿಸುವುದು ಕಂಡರೆ ಗ್ಲುಕೋಮೀಟರಿನಲ್ಲಿ ನೋಡಿ. 70ಕ್ಕಿಂತ ಕಡಿಮೆ ಇದ್ದರೆ ಮೂರು ಟೀ ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿಸಿ, 15 ನಿಮಿಷ ಬಿಟ್ಟು ಪುನಃ ನೋಡಿ, ಏರದಿದ್ದರೆ ಇನ್ನೊಮ್ಮೆ ಕೊಡಿ. ಏರಿದ ಮೇಲೆ ಊಟ ಮಾಡ್ಬೇಕು. ಚಾಕಲೇಟ್, ಲಾಡು ಕೊಡ್ಬೇಡಿ, ಕೊಬ್ಬು ಇದ್ದರೆ ಸಕ್ಕರೆ ರಕ್ತಕ್ಕೆ ಸೇರುವುದು ತಡ. ಈ ಮಾತ್ರೆ ಹೊತ್ತುಗಟ್ಟಲೆ ಕೆಲಸ ಮಾಡುವ ಕಾರಣ ಸರಿಯಾಯಿತು ಅಂತ ಕಂಡ ಮೇಲೂ ಪುನಃ ಕುಸಿಯಬಹುದು, ಆ ರಾತ್ರಿ ಒಬ್ಬರನ್ನೇ ಬಿಡ್ಬೇಡಿ. ಎಚ್ಚರ ತಪ್ಪಿದವರ ಬಾಯಿಗೆ ಏನೂ ಹಾಕದೆ 108ಕ್ಕೆ ಕರೆ ಮಾಡಿ.

ಓದುವ ಬೇರೆಯವರಿಗೂ ಹೇಳ್ತೇನೆ. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಅನ್ನುವ ಶುಗರ್ ಮಾತ್ರೆ ತಗೊಳ್ಳುವವರು ಅನ್ನ-ಚಪಾತಿ ಪೂರ್ತಿ ಬಿಟ್ಟರೆ ಅಥವಾ ದಿನವಿಡೀ ಉಪವಾಸ ಮಾಡಿದರೆ ರಕ್ತದಲ್ಲಿ ಕೀಟೋನ್ (ಕೊಬ್ಬು ಕರಗುವಾಗ ಹುಟ್ಟುವ ಆಮ್ಲ) ಏರಬಹುದು. ಶುಗರ್ ಹೆಚ್ಚಿಲ್ಲದೆಯೂ ಆಗ್ತದೆ, ಅದಕ್ಕೇ ಗೊತ್ತಾಗುದಿಲ್ಲ. ವಾಂತಿ, ಹೊಟ್ಟೆನೋವು, ಏದುಸಿರು ಬಂದರೆ ಕಾಯಬೇಡಿ. ಬಿಪಿ ಮಾತ್ರೆಯವರಿಗೆ ತೂಕ ಇಳಿದ ಹಾಗೆ ಡೋಸ್ ಹೆಚ್ಚಾಗಿ ಎದ್ದಾಗ ಕಣ್ಣು ಕತ್ತಲೆ ಬರಬಹುದು. ಗರ್ಭಿಣಿಯರು, ಹಾಲುಣಿಸುವವರು, 18 ಆಗದ ಮಕ್ಕಳು, ಕಿಡ್ನಿ ತೊಂದರೆ ಇರುವವರು ಇಲ್ಲಿನ ಯಾವ ಲೆಕ್ಕವನ್ನೂ ತಮಗೆ ಅನ್ವಯಿಸಬಾರದು.

ಸುರತ್ಕಲ್ ಸಂಜೆ

ಯಜಮಾನರಿಗೆ ಓದಿ ಹೇಳಿದೆ, ಡಾಕ್ಟರ್ ಹತ್ತಿರ ಹೋಗ್ತಾರೆ. ನನಗೆ ಎರಡು ಸಂಶಯ. ಅನ್ನ ಎಲ್ಲರಿಗೂ ಒಂದೇ ಪಾತ್ರೆಯಲ್ಲಿ ಬೇಯುದು, ನನ್ನ 60 ಗ್ರಾಂ ಹೇಗೆ ತಿಳಿಯುದು? ಮತ್ತೆ ಮಳೆಗಾಲದಲ್ಲಿ ಮೀನು ಎಲ್ಲಿಂದ ತರುದು?

ಒಗ್ಗರಣೆ ಸೌಟು, ಉಡುಪಿ

ಒಂದು ಡಿಜಿಟಲ್ ತಕ್ಕಡಿ ತಗೊಳ್ಳಿ. ಖಾಲಿ ಪಾತ್ರೆ ತೂಗಿ ಬರೆದಿಡಿ. ಅಕ್ಕಿ 300 ಗ್ರಾಂ ಹಾಕಿದ್ದೀರಿ ಅಂತಿಟ್ಟುಕೊಳ್ಳಿ. ಬೆಂದು ತಿಳಿ ಬಸಿದ ಮೇಲೆ ಪಾತ್ರೆ ಸಮೇತ ತೂಗಿ, ಪಾತ್ರೆಯದ್ದು ಕಳೆಯಿರಿ. 840 ಗ್ರಾಂ ಬಂದರೆ 2.8 ಪಟ್ಟು ಆಯ್ತು, ನಿಮ್ಮ 60 ಗ್ರಾಂ ಅಂದರೆ 168 ಗ್ರಾಂ ಅನ್ನ. ಮೂರು ದಿನ ತೂಗಿದರೆ ನಿಮ್ಮ ಸೌಟಿಗೆ ಎಷ್ಟು ಬರ್ತದೆ ಅಂತ ಕಣ್ಣಿಗೆ ಸಿಗ್ತದೆ, ಮತ್ತೆ ತಿಂಗಳಿಗೊಮ್ಮೆ ನೋಡಿದರೆ ಸಾಕು. ಅಕ್ಕಿ ಬದಲಾದರೆ ಪುನಃ ತೂಗಿ. ಆ್ಯಪ್‌ಗಳಲ್ಲಿ "ಫಿಶ್ ಕರಿ ಒಂದು ಬಟ್ಟಲು" ಅಂತ ಇರುವುದನ್ನು ನಂಬ್ಬೇಡಿ, ಅದು ಯಾರ ಮನೆಯ ಸಾರೋ. ಹಾಕಿದ ಕಾಯಿ, ಎಣ್ಣೆ, ಮೀನು ಬೇರೆ ಬೇರೆ ಬರೆದು ನಾಲ್ಕರಿಂದ ಭಾಗಿಸಿ.

ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಬೋಟುಗಳಿಗೆ ನಿಷೇಧ, ಮೀನು ದುಬಾರಿ. ಆಗ ಒಣಮೀನಿಗೆ ಹೋಗ್ಬೇಡಿ, ಉಪ್ಪು ಅತಿ. ಮೊಟ್ಟೆ, ಚರ್ಮ ತೆಗೆದ ಕೋಳಿ, ಹುರುಳಿ, ಅಲಸಂಡೆ ಬೀಜ, ಹೆಸರು. ಕಾಳು ಒಣಗಿದ್ದು 40 ಗ್ರಾಂಗೆ 9 – 10 ಗ್ರಾಂ ಪ್ರೋಟೀನ್ ಹಿಡಿಯಿರಿ. ಹುರುಳಿ ಎಂಟು ಗಂಟೆ ನೆನೆಸದೆ ಬೇಯಿಸಿದರೆ ಹೊಟ್ಟೆ ಉಬ್ಬರಿಸ್ತದೆ.

ರಥಬೀದಿ ಹತ್ತಿರ

ನಡುವೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ನಮ್ಮಲ್ಲಿ ಮೀನು ಮೊಟ್ಟೆ ಇಲ್ಲ. ಏಕಾದಶಿ ಎರಡು ದಿನ ಊಟ ಬಿಟ್ಟರೆ ತಿಂಗಳ ಲೆಕ್ಕದಲ್ಲಿ ಪ್ರಯೋಜನ ಉಂಟಾ?

ಕದ್ರಿ ಗುಡ್ಡೆ

ಅನ್ನ ಬಿಟ್ಟು ಫಲಾಹಾರಕ್ಕೆ ಏನು ತಿಂತೀರಿ ಅನ್ನುವುದರ ಮೇಲೆ. 60 ಗ್ರಾಂ ಸಬ್ಬಕ್ಕಿ, 30 ಗ್ರಾಂ ನೆಲಗಡಲೆ, ಎರಡು ಚಮಚ ತುಪ್ಪದ ಒಂದು ತಟ್ಟೆ ಕಿಚಡಿ 450 ದಾಟ್ತದೆ, ಒಂದು ಊಟಕ್ಕೆ ಸಮ. ಹಣ್ಣು, ಮಜ್ಜಿಗೆ, ಹಾಲಿನಲ್ಲಿ ಮುಗಿಸಿದರೆ ಆ ದಿನ ಉಳಿತಾಯ ಆಗ್ತದೆ, ಆದರೆ ದ್ವಾದಶಿ ಪಾರಣೆಯಲ್ಲಿ ಹಸಿವೆಯಿಂದ ಎರಡು ಸೌಟು ಹೆಚ್ಚು ಬಡಿಸಿಕೊಂಡರೆ ಅದೂ ಹೋಯ್ತು. ವ್ರತವನ್ನು ವ್ರತವಾಗಿಯೇ ಮಾಡಿ, ತೂಕಕ್ಕೆ ಉಳಿದ 28 ದಿನದ ಲೆಕ್ಕ ಇರಲಿ. ಪ್ರೋಟೀನಿಗೆ 30 ಗ್ರಾಂ ಒಣ ಸೋಯಾ ಚಂಕ್ಸ್ (15 ಗ್ರಾಂ), 50 ಗ್ರಾಂ ಪನೀರ್ (9), ಎರಡು ಹೊತ್ತು 40 ಗ್ರಾಂ ಕಾಳು (18 – 20), 300 ಗ್ರಾಂ ಮೊಸರು (ಸುಮಾರು 10). ಉಳಿದದ್ದು ಧಾನ್ಯದಿಂದ ಬರ್ತದೆ.

ಸುರತ್ಕಲ್ ಅಕ್ಕನಿಗೆ ಒಂದು ಬಾಕಿ. ತೂಕ ಬೆಳಿಗ್ಗೆ ಶೌಚ ಆದ ಮೇಲೆ, ಏನೂ ಕುಡಿಯುವ ಮೊದಲು ನೋಡಿ, ಏಳು ದಿನದ ಸರಾಸರಿಯನ್ನು ಹಿಂದಿನ ವಾರದ ಸರಾಸರಿಗೆ ಹೋಲಿಸಿ. 1400ಕ್ಕೆ ಏರಿಸಿದ ಮೊದಲ ವಾರ ಅರ್ಧ – ಮುಕ್ಕಾಲು ಕೆ.ಜಿ. ಮೇಲೆ ತೋರಿಸಬಹುದು, ಗ್ಲೈಕೋಜನ್ ಮತ್ತು ನೀರು ವಾಪಸ್ ಬಂದದ್ದು, ಹೆದರಿ ಪುನಃ ಇಳಿಸ್ಬೇಡಿ. ನಾಲ್ಕು ವಾರ ಸರಾಸರಿ ಅಲ್ಲಾಡದಿದ್ದರೆ ಮಾತ್ರ 100 ಕಡಿಮೆ ಮಾಡಿ, ಅದೂ ಅನ್ನ ಅಥವಾ ಕಾಯಿಯಿಂದ. ಸೊಂಟಕ್ಕೆ ಟೇಪು ಹಿಡಿಯಿರಿ, ಹೆಂಗಸರಿಗೆ 80, ಗಂಡಸರಿಗೆ 90 ಸೆಂ.ಮೀ. ಒಳಗೆ ಇರಬೇಕು. ನಡಿಗೆ ಜೊತೆ ವಾರಕ್ಕೆ ಮೂರು ದಿನ ಕುರ್ಚಿಯಿಂದ ಕೈ ಊರದೆ ಏಳುದು-ಕೂರುದು, ಗೋಡೆಗೆ ಕೈ ಕೊಟ್ಟು ದಂಡ (ಪುಷ್‌ಅಪ್), ಹತ್ತರಂತೆ ಮೂರು ಸುತ್ತು. ತಲೆ ತಿರುಗುವುದು ನಿಂತ ಮೇಲೆ ಶುರು ಮಾಡಿ. ಊಟವಾದ ಮೇಲೆ ಬಲ ಪಕ್ಕೆಯ ಕೆಳಗೆ ಹಿಡಿದಂತೆ ನೋವು ಬಂದರೆ ತೋರಿಸಿ; ತೂಕ ವಾರಕ್ಕೆ ಒಂದೂವರೆ ಕೆ.ಜಿ. ಮೀರಿ ಇಳಿಯುವವರಿಗೆ ಪಿತ್ತಕೋಶದಲ್ಲಿ ಕಲ್ಲು ಕಟ್ಟುವ ಸಾಧ್ಯತೆ ಹೆಚ್ಚು. ಮುಟ್ಟು ತಪ್ಪಿದರೂ ಹಾಗೆಯೇ ತೋರಿಸಿ.

ಸುರತ್ಕಲ್ ಸಂಜೆ

ಹಿಮೋಗ್ಲೋಬಿನ್ 9.8 ಬಂತು. ಡಾಕ್ಟರ್ ಕಬ್ಬಿಣದ ಮಾತ್ರೆ ಕೊಟ್ಟಿದ್ದಾರೆ.

ಮದ್ದಿನಂಗಡಿ

ಹಾಗಾದರೆ ದಿನದ ಖರ್ಚಿನಿಂದ ಕಳೆಯುವ ಕ್ಯಾಲರಿ ಸದ್ಯಕ್ಕೆ 200ರ ಒಳಗೆ ಇಡಿ. ಮಾತ್ರೆಯ ಹಿಂದೆ ಮುಂದೆ ಒಂದೊಂದು ಗಂಟೆ ಚಾ, ಕಾಫಿ, ಹಾಲು ಬೇಡ. ಲಿಂಬೆ ನೀರಿನ ಜೊತೆ ತಗೊಳ್ಳಬಹುದು. ಮಲ ಕಪ್ಪಾಗುವುದು ಸಹಜ. ಹೊಟ್ಟೆ ತೊಳೆಸಿದರೆ ಮಾತ್ರೆ ಬಿಡದೆ ಊಟದ ನಂತರಕ್ಕೆ ಬದಲಿಸಿ, ಡಾಕ್ಟರಿಗೆ ತಿಳಿಸಿ. ಅವರು ಹೇಳಿದ ದಿನಕ್ಕೆ ಪುನಃ ರಕ್ತ ಕೊಟ್ಟು ನೋಡಿಸಿ.