ಎಡ್ಗರ್ ನೆಕ್ಸ್ಟ್: ನಿರ್ದೇಶಕರ ಸಿಸಿಸಿ ತಪ್ಪು ಅಂತ ಫಾರ್ಮ್ 4 ಸಸ್ಪೆಂಡ್ ಆಗುತ್ತಿದೆ (2025ರ ಸೆಪ್ಟೆಂಬರ್ 15ಕ್ಕೂ ಮುಂಚಿನ ಚರ್ಚೆ; ಇಲ್ಲಿನ ಗಡುವುಗಳು ಈಗ ಮುಗಿದಿವೆ)

ಬಿಳಿಹಾಳೆ:
ಅಮೆರಿಕದ ಲಿಸ್ಟೆಡ್ ಕಂಪನಿಯೊಂದರ ಎಸ್‌ಇಸಿ (ಅಲ್ಲಿನ ಷೇರು ಮಾರುಕಟ್ಟೆ ನಿಯಂತ್ರಕ ಸಂಸ್ಥೆ) ಫೈಲಿಂಗ್ ನೋಡಿಕೊಳ್ಳುತ್ತೇನೆ. ನಮ್ಮ ನಿರ್ದೇಶಕರೊಬ್ಬರು ನಿನ್ನೆ ಷೇರು ಮಾರಿದ್ದಾರೆ. ಅದನ್ನು ತಿಳಿಸುವ ಫಾರ್ಮ್ 4 ಕಳಿಸಿದರೆ ಸಸ್ಪೆಂಡ್ ಆಗುತ್ತಿದೆ (ಸ್ವೀಕಾರ ಆಗುತ್ತಿಲ್ಲ), ಫೈಲ್ ಮಾಡಲು ಬೇಕಾದ ಅವರ ಗುಪ್ತ ಸಂಕೇತ, ಅಂದರೆ ಸಿಸಿಸಿ, ತಪ್ಪಂತೆ. ಹೋದ ತಿಂಗಳು ಇದೇ ಸಿಸಿಸಿ ಹಾಕಿದಾಗ ಸಲೀಸಾಗಿ ಹೋಗಿತ್ತು. ನಮ್ಮ ಕಡೆ ಯಾರೂ ಅದನ್ನು ಮುಟ್ಟಿಲ್ಲ. ಎರಡು ಕೆಲಸದ ದಿನಗಳ ಗಡುವು ನಾಳೆಗೆ ಮುಗಿಯುತ್ತದೆ. ಎಸ್‌ಇಸಿಯ ಆನ್‌ಲೈನ್ ಫೈಲಿಂಗ್ ವ್ಯವಸ್ಥೆ ಎಡ್ಗರ್‌ನ ಹೊಸ ಲಾಗಿನ್ ಪದ್ಧತಿಗೆ, ಅಂದರೆ ಎಡ್ಗರ್ ನೆಕ್ಸ್ಟ್‌ಗೆ, ನಾವು ಇನ್ನೂ ಸೇರಿಲ್ಲ. ಹೊಸ ನಿಯಮ ಕಡ್ಡಾಯ ಆಗುವುದು 2025ರ ಸೆಪ್ಟೆಂಬರ್ 15ಕ್ಕೆ ಅಲ್ವಾ?

ತಡರಾತ್ರಿ:
ಹೌದು. ಆದರೆ ನೀವು ಸೇರದಿದ್ದರೂ ನಿರ್ದೇಶಕರು ಸೇರಿರಬಹುದಲ್ಲ? ಅವರು ಬೇರೆ ಕಂಪನಿಯ ಬೋರ್ಡಿನಲ್ಲೂ ಇದ್ದಾರಾ?

ಬಿಳಿಹಾಳೆ:
ಇನ್ನೊಂದರಲ್ಲಿ ಇದ್ದಾರೆ.

ತಡರಾತ್ರಿ:
ಹಾಗಾದರೆ ಗಂಟು ಅಲ್ಲೇ ಇರಬೇಕು. ಆ ಕಂಪನಿಯವರು ಅವರ ಖಾತೆಯನ್ನು ಸೇರಿಸಿರುತ್ತಾರೆ. ಸೇರಿಸಿದ ಕೂಡಲೇ ಭದ್ರತೆಗೆ ಅಂತ ಸಿಸ್ಟಮ್ಮೇ ಸಿಸಿಸಿ ಬದಲಿಸಿಬಿಡುತ್ತದೆ. ನಿಮ್ಮ ಫೈಲಿಂಗ್ ಸಾಫ್ಟ್‌ವೇರಿನಲ್ಲಿ ಉಳಿದಿರುವುದು ಹಳೆಯದು. ಹೊಸದು ಎಡ್ಗರ್ ಡ್ಯಾಶ್‌ಬೋರ್ಡಿನಲ್ಲಿ ಇರುತ್ತದೆ, ಆ ಖಾತೆಯ ಅಡ್ಮಿನಿಸ್ಟ್ರೇಟರ್ ನೋಡಿ ಹೇಳಬಹುದು. ನಿರ್ದೇಶಕರಿಗೇ ಫೋನ್ ಮಾಡಿ, ಯಾರು ಸೇರಿಸಿದ್ದು ಅಂತ ಕೇಳಿ. ಹಳೆಯದನ್ನೇ ಸುಮ್ನೆ ಮತ್ತೆ ಮತ್ತೆ ಒತ್ತಬೇಡಿ. ಸಸ್ಪೆಂಡ್ ಆದದ್ದು ಸಲ್ಲಿಸಿದ ಲೆಕ್ಕಕ್ಕೇ ಬರುವುದಿಲ್ಲ.

ಕಡತಪ್ರಿಯ:
ನನ್ನ ಕೇಳಿದರೆ ಈ ಬದಲಾವಣೆಯಲ್ಲಿ ಜಾಸ್ತಿ ತಲೆನೋವು ಕಂಪನಿಯ ಖಾತೆಯದಲ್ಲ, ನಿರ್ದೇಶಕರದ್ದು. ಒಬ್ಬರಿಗೆ ಒಂದೇ ಖಾತೆ, ಅದನ್ನು ಬಳಸುವ ಕಂಪನಿ ಹಲವು. ಯಾವ ಕಂಪನಿ ಸೇರಿಸಬೇಕು ಅಂತ ಮೊದಲೇ ಮಾತಾಡಿಕೊಳ್ಳಿ. ಅವರು ಉಳಿದ ಕಂಪನಿಗಳಿಗೆ ಡೆಲಿಗೇಷನ್ (ಆ ಖಾತೆಯ ಪರವಾಗಿ ಫೈಲ್ ಮಾಡುವ ಅಧಿಕಾರ) ಕೊಡಲಿ. ಡೆಲಿಗೇಷನ್ ಪಡೆಯಲು ಫೈಲಿಂಗ್ ಏಜೆಂಟೇ ಆಗಿರಬೇಕೆಂದಿಲ್ಲ. ಆದರೆ ಪಡೆದವರು ಅದನ್ನು ಮತ್ತೊಬ್ಬರಿಗೆ ದಾಟಿಸುವಂತಿಲ್ಲ.

ಬಿಳಿಹಾಳೆ:
ಸಿಕ್ಕಿತು! ಆ ಕಂಪನಿಯ ಲೀಗಲ್ ವಿಭಾಗದವರು ಸೇರಿಸಿದ್ದರು, ಹೇಳುವುದು ಬಿಟ್ಟುಹೋಗಿತ್ತಂತೆ. ಹೊಸ ಸಿಸಿಸಿ ಹಾಕಿದೆ, ಅಕ್ಸೆಪ್ಟ್ ಆಯಿತು. ಇಬ್ಬರಿಗೂ ಥ್ಯಾಂಕ್ಸ್. ಇನ್ನು ನಮ್ಮ ಕಂಪನಿಯನ್ನೇ ಸೇರಿಸಲು ಏನೇನು ಬೇಕು?

ತಡರಾತ್ರಿ:
ಸಿಐಕೆ (ಖಾತೆಯ ಗುರುತಿನ ಸಂಖ್ಯೆ), ಸಿಸಿಸಿ, ಪಾಸ್‌ಫ್ರೇಸ್ ಮೂರೂ ಕೈಯಲ್ಲಿರಬೇಕು. ಕಂಪನಿಗೆ ಕನಿಷ್ಠ ಇಬ್ಬರು ಅಡ್ಮಿನಿಸ್ಟ್ರೇಟರ್‌ಗಳು ಕಡ್ಡಾಯ, ಒಬ್ಬ ವ್ಯಕ್ತಿಯ ಖಾತೆಗಾದರೆ ಒಬ್ಬರು ಸಾಕು. ಎಲ್ಲರೂ ಅಮೆರಿಕ ಸರ್ಕಾರದ ಲಾಗಿನ್ ತಾಣವಾದ ಲಾಗಿನ್ ಡಾಟ್ ಗವ್‌ನಲ್ಲಿ ಖಾತೆ ತೆರೆಯಬೇಕು. ಅಲ್ಲಿ ಕೊಟ್ಟ ಇಮೇಲನ್ನೇ ಇಲ್ಲೂ ಕೊಡಿ. ಒಂದಕ್ಷರ ಆಚೀಚೆ ಆದರೂ ಒಳಗೆ ಬಿಡುವುದಿಲ್ಲ.

ಬಿಳಿಹಾಳೆ:
ಪಾಸ್‌ಫ್ರೇಸ್ ಯಾರ ಹತ್ತಿರವೂ ಇಲ್ಲ 😅

ಕಡತಪ್ರಿಯ:
ಎಲ್ಲರ ಕಥೆಯೂ ಅದೇ. ರೀಸೆಟ್ ಕೇಳಿದರೆ ದಾಖಲೆಯಲ್ಲಿರುವ ಇಮೇಲ್‌ಗೆ ಸೆಕ್ಯುರಿಟಿ ಟೋಕನ್ ಬರುತ್ತದೆ. ಆ ಇಮೇಲ್ ಕೆಲಸ ಬಿಟ್ಟುಹೋದವರದ್ದಾಗಿದ್ದರೆ ನಿಮ್ಮ ಐಟಿಯವರಿಗೆ ಹೇಳಿ ಆ ವಿಳಾಸವನ್ನು ಮತ್ತೆ ಚಾಲೂ ಮಾಡಿಸಿ. ಅದೂ ಆಗದಿದ್ದರೆ ನೋಟರಿ ಸಹಿಯೊಂದಿಗೆ ಫಾರ್ಮ್ ಐಡಿ (ಎಡ್ಗರ್ ಪ್ರವೇಶ ಕೋರುವ ಅರ್ಜಿ) ಹಾಕಬೇಕು. ಅದನ್ನು ಎಸ್‌ಇಸಿ ಸಿಬ್ಬಂದಿ ಪರಿಶೀಲಿಸುತ್ತಾರೆ, ತಕ್ಷಣ ಆಗುವ ಕೆಲಸವಲ್ಲ.

ಸೇರಲು 2025ರ ಡಿಸೆಂಬರ್ 19ರವರೆಗೆ ಸಮಯ ಇದೆ ಅಂತ ನಿಧಾನ ಮಾಡಬೇಡಿ. ಸೆಪ್ಟೆಂಬರ್ 15 ದಾಟಿದ ಮೇಲೆ ಸೇರದೆ ಏನನ್ನೂ ಫೈಲ್ ಮಾಡಲು ಆಗುವುದಿಲ್ಲ. ಮತ್ತೆ, ಸೇರಿಸಿದ ದಿನವೇ ನಿಮ್ಮ ಸಿಸಿಸಿಯೂ ಬದಲಾಗುತ್ತದೆ. ಫೈಲಿಂಗ್ ಏಜೆಂಟ್ ಇದ್ದರೆ ಅವತ್ತೇ ತಿಳಿಸಿ.