ಇಂಜೆಕ್ಷನ್ ಬಾವಿಯ ನೀರು ಎತ್ತ ಹೋಗ್ತಿದೆ? ಅನುಭವ ಇದ್ದವರು ಹೇಳಿ

ಪ್ರಶ್ನೆ: ಗುಜರಾತ್ ಕಡೆ ಕೆಲಸ. ನಮ್ಮ ವಾಟರ್ ಇಂಜೆಕ್ಷನ್ ಬಾವಿ (ತೈಲ ಪದರಕ್ಕೆ ನೀರು ತಳ್ಳೋ ಬಾವಿ) 3 ತಿಂಗಳಿಂದ ಕಡಿಮೆ ಒತ್ತಡಕ್ಕೇ ಹೆಚ್ಚು ನೀರು ಕುಡೀತಿದೆ, ಹಾಲ್ ಪ್ಲಾಟ್ (ತಳ್ಳಿದ ಒಟ್ಟು ನೀರಿಗೆ ಒತ್ತಡದ ಮೊತ್ತ ಹೋಲಿಸೋ ಗ್ರಾಫ್) ಕೆಳಕ್ಕೆ ಬಾಗಿದೆ. ಆದ್ರೆ ಪಕ್ಕದ ತೈಲ ಬಾವಿಗಳಲ್ಲಿ ಒತ್ತಡ ಏರಿಲ್ಲ. ಲಾಗಿಂಗ್‌ಗೆ (ಬಾವಿಯೊಳಗೆ ಟೂಲ್ ಇಳಿಸಿ ಅಳೆಯೋದಕ್ಕೆ) ಒಂದೇ ಸಲ ಅನುಮತಿ ಸಿಕ್ಕಿದೆ. ಯಾವ ಟೂಲ್ ಇಳಿಸಲಿ?

ಉತ್ತರ 1: ಸ್ಪಿನ್ನರ್ (ಹರಿವಿಗೆ ತಿರುಗುವ ರೆಕ್ಕೆಯ ಮೀಟರ್), ಟೆಂಪರೇಚರ್ ಟೂಲ್ ಎರಡನ್ನೂ ಒಟ್ಟಿಗೇ ಇಳಿಸಿ ಸರ್. ಸ್ಪಿನ್ನರ್ ಒಂದನ್ನೇ ನಂಬಿ ನಾವು ಕೆಟ್ಟಿದ್ದೆವು. ಅದರ ಲೆಕ್ಕದಲ್ಲಿ ಬಹುಪಾಲು ನೀರು ಮೇಲಿನ ಪರ್ಫೊರೇಶನ್‌ಗೆ (ಪೈಪಿನಲ್ಲಿ ಕೊರೆದ ತೂತುಗಳಿಗೆ) ಹೋಗುತ್ತಿತ್ತು, ಆ ಪದರ ಚೆನ್ನಾಗಿದೆ ಎಂದೇ ವರದಿ ಬರೆದೆವು. ಆಮೇಲೆ ಬಾವಿ ಮುಚ್ಚಿ, 6 ಗಂಟೆ ಬಿಟ್ಟು ಒಮ್ಮೆ, 24 ಗಂಟೆ ಬಿಟ್ಟು ಇನ್ನೊಮ್ಮೆ ತಾಪಮಾನ ತೆಗೆದೆವು. ಗೆರೆ ಬಹುತೇಕ ಎಲ್ಲ ಕಡೆ ಬಿಸಿಗೆ ಮರಳುತ್ತಿತ್ತು. ಪರ್ಫೊರೇಶನ್‌ಗಿಂತ 30 ಮೀಟರ್ ಮೇಲೆ, ತೂತೇ ಇಲ್ಲದ ಜಾಗದಲ್ಲಿ ಮಾತ್ರ ಹೊಟ್ಟೆ ಒಳಕ್ಕೆ ಎಳೆದುಕೊಂಡ ಹಾಗೆ ತಣ್ಣಗೆ ನಿಂತಿತ್ತು. ಕೇಸಿಂಗ್ (ಬಾವಿಯ ಉಕ್ಕಿನ ಪೈಪು) ಹಿಂದಿನ ಸಿಮೆಂಟ್ ಬಿಟ್ಟು, ನೀರು ಸಂದಿಯಲ್ಲಿ ಹತ್ತಿ ಬೇರೆ ಮರಳುಗಲ್ಲಿಗೆ ಸೇರುತ್ತಿತ್ತು. ಸ್ಪಿನ್ನರ್‌ಗೆ ಕಾಣುವುದು ಪೈಪಿನ ಒಳಗಿನ ಹರಿವು ಅಷ್ಟೇ.

ನೀರು ಬರೀ ಪೈಪಿನಲ್ಲಿ ಹಾದುಹೋದ ಕಡೆ ಬಂಡೆ ಬೇಗ ಬಿಸಿಯಾಗುತ್ತದೆ, ನೀರು ಕುಡಿದ ಪದರ ನಿಧಾನ. ಈ ವ್ಯತ್ಯಾಸ ಕಾಣಲು ಕಾಯಲೇಬೇಕು. ಯೂನಿಟ್ ಬಾಡಿಗೆ ಏರುತ್ತದೆ ಎಂದು ಮೇಲಿನವರು ಎಷ್ಟೇ ಅವಸರ ಮಾಡಲಿ, ಆ 24 ಗಂಟೆ ಬಿಟ್ಟುಕೊಡಬೇಡಿ.

ಉತ್ತರ 2: ಅದಕ್ಕೂ ಮೊದಲು ಡಮ್ಮಿ (ಟೂಲ್ ಅಳತೆಯ ಬರೀ ಲೋಹದ ತುಂಡು) ಇಳಿಸಿ ತಳ ಮುಟ್ಟಿ ನೋಡಿ. ನಮ್ಮ ಬಾವಿಯಲ್ಲಿ ಹೂಳು ತುಂಬಿ ಕೆಳಗಿನ ಪರ್ಫೊರೇಶನ್ ಪೂರ್ತಿ ಮುಚ್ಚಿತ್ತು. ತುಕ್ಕಿನ ಚೂರು ಸಿಕ್ಕಿ ಸ್ಪಿನ್ನರ್ ರೆಕ್ಕೆ ನಿಂತರೂ ಹರಿವು ಸೊನ್ನೆ ಅಂತಲೇ ತೋರಿಸುತ್ತೆ. ಹಾಗಾಗಿ ಮೇಲಕ್ಕೂ ಕೆಳಕ್ಕೂ ಕನಿಷ್ಠ 3 ಬೇರೆ ಬೇರೆ ಕೇಬಲ್ ವೇಗದಲ್ಲಿ ಓಡಿಸಿ. ಅಷ್ಟೂ ಹೊತ್ತು ಪಂಪ್ ದರ ಅಲುಗಾಡಬಾರದು.

ಉತ್ತರ 3: ಸಿಮೆಂಟ್ ಮೇಲೇ ಅನುಮಾನ ಇದ್ರೆ, ಬಾವಿ ಮುಚ್ಚೋ ಮುಂಚೆ, ನೀರು ಹೋಗ್ತಿರುವಾಗಲೇ ಪಲ್ಸ್ಡ್ ನ್ಯೂಟ್ರಾನ್ ಟೂಲ್ ಇಳಿಸಿ. ಅದು ನ್ಯೂಟ್ರಾನ್ ಬಿಟ್ಟು ನೀರಿನ ಆಕ್ಸಿಜನ್‌ನ ನೈಟ್ರೋಜನ್-16 ಮಾಡುತ್ತೆ, ಅರ್ಧಾಯುಷ್ಯ 7 ಸೆಕೆಂಡ್ ಚಿಲ್ಲರೆ. ಅದರ ಗಾಮಾ ಕಿರಣ ಉಕ್ಕು ದಾಟಿ ಬರೋದ್ರಿಂದ ಕೇಸಿಂಗ್ ಹಿಂದೆ ಹರಿಯೋ ನೀರೂ ಸಿಗುತ್ತೆ. ಮೇಲ್ಮುಖ ಹರಿವು ಹುಡುಕೋದಾದ್ರೆ ಡಿಟೆಕ್ಟರ್ ನ್ಯೂಟ್ರಾನ್ ಮೂಲಕ್ಕಿಂತ ಮೇಲಿರಬೇಕು. ಟೂಲ್ ಜೋಡಿಸುವಾಗಲೇ ಹೇಳಿಬಿಡಿ, ಇಳಿಸಿದ ಮೇಲೆ ತಿರುಗಿಸೋಕಾಗಲ್ಲ.